ಶಿವಗಂಗೆಯ ತೀರ್ಥವಿಚಾರ

ಇಷ್ಟಲಿಂಗವನ್ನು ಅಂಗದ ಮೇಲೆ ಧರಿಸಿದವನಿಗೆ ಕ್ಷೇತ್ರಯಾತ್ರೆ ಅವಶ್ಯವೇ ಎಂಬ ಪ್ರಶ್ನೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಶರಣರು ದೇಹವನ್ನೇ ದೇಗುಲವಾಗಿ ಕಂಡವರು. ಸ್ಥಾವರಕ್ಕಿಂತ ಜಂಗಮಕ್ಕೆ ಹಿರಿಮೆಯಿತ್ತವರು. ತೀರ್ಥಸ್ನಾನಮಾತ್ರದಿಂದ ಪಾಪ ತೊಳೆದುಹೋದೀತೆಂಬ ನಂಬಿಕೆಯನ್ನು ಕಟುವಾಗಿ ವಿಡಂಬಿಸಿದವರು. ಹಾಗಿದ್ದೂ ಅವರ ಅಂಕಿತಗಳನ್ನೇ ನೋಡಿರಿ. ಬಸವಣ್ಣನವರ ಕೂಡಲಸಂಗಮದೇವನು ಕೃಷ್ಣಾ ಮಲಪ್ರಭೆಗಳು ಕೂಡುವೆಡೆಯ ದೇವಾಲಯದಲ್ಲಿ ನೆಲೆಸಿದವನು. ಅಕ್ಕಮಹಾದೇವಿಯ ಚೆನ್ನಮಲ್ಲಿಕಾರ್ಜುನನು ಶ್ರೀಶೈಲದವನು. ಆಕೆ ಕಲ್ಯಾಣವನ್ನು ಬಿಟ್ಟು ಕೊನೆಗೆ ಸೇರಿದ್ದೂ ಆ ಗಿರಿಯ ಕದಳಿಯನ್ನೇ. ಕ್ಷೇತ್ರವನ್ನು ನಿರಾಕರಿಸಿದವರ ಬಾಯಲ್ಲಿ ಕ್ಷೇತ್ರದ ಹೆಸರೇ ನಾಮಸ್ಮರಣೆಯಾಗಿ ನಿಂತಿರುವ ಈ ವಿಚಿತ್ರವನ್ನು ಗ್ರಂಥಗಳ ನಡುವೆ ಕುಳಿತು ಬಿಡಿಸುವುದಕ್ಕಿಂತ ಒಂದು ಬೆಟ್ಟವನ್ನು ಹತ್ತಿ ಬಿಡಿಸುವುದು ಲೇಸೆಂದು ನಮಗೆ ತೋರಿತು. ಬೆಂಗಳೂರಿನ ಪಶ್ಚಿಮ ಭಾಗದ ಬಡಾವಣೆಗಳಲ್ಲಿ ವಾಸಿಸುವ ಭಕ್ತರಿಗೆ ಅತಿ ಸಮೀಪದ ಅಂಥ ಬೆಟ್ಟವೆಂದರೆ ಶಿವಗಂಗೆ.

ರಾಜಾಜಿನಗರದಿಂದಾಗಲಿ ಬಸವೇಶ್ವರನಗರದಿಂದಾಗಲಿ ಹೊರಟವರು ತುಮಕೂರು ರಸ್ತೆಯನ್ನು ಹಿಡಿದು ನೆಲಮಂಗಲವನ್ನು ದಾಟಿ ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿದರೆ ಸಾಕು. ನಗರದಿಂದ ಸುಮಾರು 55 ಕಿಲೋಮೀಟರು ದೂರ. ಶಿಖರವು ಸಮುದ್ರಮಟ್ಟದಿಂದ ಸುಮಾರು 4,500 ಅಡಿ ಎತ್ತರದಲ್ಲಿದೆ. ಈ ಬೆಟ್ಟವು ಪೂರ್ವದಿಂದ ನೋಡಿದವರಿಗೆ ನಂದಿಯಾಗಿ, ಪಶ್ಚಿಮದಿಂದ ಗಣಪತಿಯಾಗಿ, ದಕ್ಷಿಣದಿಂದ ಲಿಂಗವಾಗಿ, ಉತ್ತರದಿಂದ ಹೆಡೆಯೆತ್ತಿದ ಸರ್ಪವಾಗಿ ತೋರುತ್ತದೆಂದು ಜನ ಹೇಳುತ್ತಾರೆ. ಪೌರಾಣಿಕವಾದ ಹೆಸರು ಕಕುದ್ಗಿರಿ. ಕಕುದ್ ಎಂದರೆ ಎತ್ತಿನ ಹಿಣಿಲು. ನಾಲ್ಕು ನೋಟಗಳಲ್ಲಿ ಮೊದಲನೆಯದಕ್ಕೆ ಈ ಹೆಸರು ಒಪ್ಪುತ್ತದೆ. ಉಳಿದ ಮೂರಕ್ಕೆ ನೋಡುವವನ ಭಕ್ತಿಯೂ ಸ್ವಲ್ಪ ನೆರವಾಗಬೇಕು.

ಈ ಕ್ಷೇತ್ರಕ್ಕೆ ದಕ್ಷಿಣಕಾಶಿಯೆಂಬ ಪ್ರಸಿದ್ಧಿಯುಂಟು. ಇಲ್ಲಿಂದ ಕಾಶಿಗೆ ಎಷ್ಟು ಯೋಜನಗಳೋ ಶಿಖರಕ್ಕೆ ಅಷ್ಟು ಮೆಟ್ಟಿಲುಗಳೆಂದೂ, ಕಾಶಿಗೆ ಹೋಗಲಾರದವರು ಇದನ್ನು ಹತ್ತಿದರೆ ಆ ಯಾತ್ರೆಯ ಫಲವೇ ದೊರೆಯುವುದೆಂದೂ ಹಿಂದಿನವರು ನಂಬಿದ್ದರು. ಕಾಲುದಾರಿಯ ಕಾಲದಲ್ಲಿ ಬಡ ಒಕ್ಕಲಿಗನೊಬ್ಬನು ಕಾಶಿಯನ್ನು ಕಂಡು ಮರಳುವುದು ಎಷ್ಟು ದುರ್ಲಭವಾಗಿತ್ತೆಂಬುದನ್ನು ನೆನೆದರೆ, ಈ ನಂಬಿಕೆಯಲ್ಲಿ ಇರುವುದು ಮೌಢ್ಯಕ್ಕಿಂತ ಹೆಚ್ಚಾಗಿ ಕರುಣೆ ಎಂದೆನಿಸುತ್ತದೆ.

ಶಿವಗಂಗೆಯ ಪ್ರಾಚೀನತೆಗೆ ಪುರಾಣವನ್ನೇ ಆಶ್ರಯಿಸಬೇಕಾಗಿಲ್ಲ. ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿ ಶಾಂತಲದೇವಿಯು 1131ರಲ್ಲಿ ಶಿವಗಂಗೆಯ ತೀರ್ಥದಲ್ಲಿ ದಿವಂಗತಳಾದಳೆಂದು ಶ್ರವಣಬೆಳಗೊಳದ ಶಾಸನವು ತಿಳಿಸುತ್ತದೆ. ಆಕೆಯ ತಾಯಿ ಮಾಚಿಕಬ್ಬೆ ಆ ಶೋಕದಲ್ಲಿ ಬೆಳಗೊಳಕ್ಕೆ ಬಂದು ಸಲ್ಲೇಖನವ್ರತದಿಂದ ದೇಹತ್ಯಾಗ ಮಾಡಿದಳು. ಬಸವಣ್ಣನವರ ಜನನಕ್ಕೆ ಕೆಲವು ವಿದ್ವಾಂಸರು ಹೇಳುವ ವರ್ಷವೂ 1131 ಎಂಬುದನ್ನು ಸಾಹಿತ್ಯದ ವಿದ್ಯಾರ್ಥಿಗಳು ನೆನೆದರೆ, ವಚನಗಳು ಹುಟ್ಟುವ ಮೊದಲೇ ಈ ಬೆಟ್ಟವು ತೀರ್ಥವೆನಿಸಿಕೊಂಡಿತ್ತೆಂಬುದು ಸ್ಪಷ್ಟವಾದೀತು. ಇನ್ನೊಂದು ಅಂಶವೂ ಗಮನಾರ್ಹ. ಶಾಂತಲೆಯ ತಂದೆ ಮಾರಸಿಂಗಯ್ಯ ಶೈವ, ತಾಯಿ ಜೈನ. ಆಕೆಯೇ 1123ರಲ್ಲಿ ಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದವಳು. ಜಿನಭಕ್ತೆಯಾದ ರಾಣಿಯ ಕೊನೆಯ ದಿನ ಶೈವಕ್ಷೇತ್ರವೊಂದರಲ್ಲಿ ಕಳೆಯಿತು. ಈಗ ಬೆಟ್ಟದ ಮೇಲೆ ಒಂದು ಪ್ರಪಾತವನ್ನು ತೋರಿಸಿ ರಾಣಿಯು ಇಲ್ಲಿಂದಲೇ ಧುಮುಕಿದಳೆಂದು ಯಾತ್ರಿಕರಿಗೆ ಹೇಳುವುದುಂಟು. ಶಾಸನದಲ್ಲಿ ಮರಣದ ಸ್ಥಳವಿದೆಯೇ ಹೊರತು ಧುಮುಕಿದ ಮಾತಿಲ್ಲ. ಕಥೆಗಾರರಿಗೆ ಪ್ರಪಾತ ಬೇಕು. ಶಿಲಾಲೇಖದ ಕವಿಗೆ ತಿಥಿಯೊಂದೇ ಸಾಕು.

ಮಾಗಡಿಯ ಪ್ರಭುಗಳ ಕಾಲದಲ್ಲಿ ಕ್ಷೇತ್ರವು ಊರ್ಜಿತವಾಯಿತು. ಬೆಂಗಳೂರನ್ನು ಕಟ್ಟಿದ ಹಿರಿಯ ಕೆಂಪೇಗೌಡನು 1569ರಲ್ಲಿ ಕಾಲವಾದ ಬಳಿಕ, 1609ರಲ್ಲಿ ಆತನ ಲೋಹಪ್ರತಿಮೆಯೊಂದನ್ನು ಗಂಗಾಧರೇಶ್ವರನ ಸನ್ನಿಧಿಯಲ್ಲಿ ಪ್ರತಿಷ್ಠಿಸಲಾಯಿತು. ಬೆಂಗಳೂರಿನ ಗವಿಪುರದ ಗಂಗಾಧರೇಶ್ವರ ದೇವಾಲಯಕ್ಕೂ ಇದೇ ಮನೆತನದ ನಂಟು ಇರುವುದರಿಂದ ಎರಡೂ ಗವಿಗಳ ನಡುವೆ ಸುರಂಗವಿದೆಯೆಂಬ ಮಾತು ಹುಟ್ಟಿಕೊಂಡಿದೆ. ಸುರಂಗದ ವಿಚಾರ ಇಲ್ಲಿ ಬೇಡ. ಆದರೆ ಸಂಕ್ರಾಂತಿಯ ದಿನ ಗವಿಪುರದಲ್ಲಿ ಅಸ್ತಮಾನದ ಸೂರ್ಯಕಿರಣವು ನಂದಿಯ ಕೊಂಬುಗಳ ನಡುವೆ ಹಾಯ್ದು ಲಿಂಗವನ್ನು ಮುಟ್ಟುವುದನ್ನು ಕಾಣಲು ಜನ ನೆರೆಯುತ್ತಾರೆ. ಅದೇ ದಿನ ಶಿವಗಂಗೆಯ ಶಿಖರದಲ್ಲಿ ನೀರನ್ನು ಕಾಣಲು ನೆರೆಯುತ್ತಾರೆ. ಒಂದೇ ಹೆಸರಿನ ಎರಡು ಗವಿಗಳಲ್ಲಿ ಒಂದಕ್ಕೆ ಬೆಳಕು, ಒಂದಕ್ಕೆ ಜಲ. ನಮ್ಮ ವಿಷಯ ಜಲದ್ದು.

ಗಂಗಾಧರೇಶ್ವರನ ಗುಡಿಯೂ ಹೊನ್ನಾದೇವಿಯ ಗುಡಿಯೂ ಬೆಟ್ಟದ ಉತ್ತರ ಮೈಯಲ್ಲಿ ಸಹಜವಾದ ಗವಿಗಳನ್ನೇ ಗರ್ಭಗೃಹಗಳನ್ನಾಗಿ ಮಾಡಿಕೊಂಡಿವೆ. ತಲೆಯ ಮೇಲೆ ಬಂಡೆಯೇ ಚಾವಣಿ. ಹೊರಗೆ ಬಿಸಿಲು ಕಾಯುತ್ತಿರುವಾಗಲೂ ಒಳಗೆ ತಂಪು. ಇಲ್ಲಿ ಲಿಂಗಕ್ಕೆ ಲೇಪಿಸಿದ ತುಪ್ಪವು ಬೆಣ್ಣೆಯಾಗುತ್ತದೆಂಬ ಪ್ರತೀತಿ ನಾಡಿನಲ್ಲೆಲ್ಲ ಹಬ್ಬಿದೆ. ಆ ಬೆಣ್ಣೆಯನ್ನು ಭಕ್ತರು ಪ್ರಸಾದವೆಂದು ಸ್ವೀಕರಿಸುತ್ತಾರೆ. ಕಾದ ಬೆಣ್ಣೆಯಿಂದ ನೀರು ಆರಿಹೋಗಿ ತುಪ್ಪವಾಗುವುದು ಅಡುಗೆಮನೆಯ ಅನುಭವ. ತಣ್ಣನೆಯ ಶಿಲೆಯ ಮೇಲೆ ತಿಕ್ಕಿದ ತುಪ್ಪವು ಹೆಪ್ಪುಗಟ್ಟಿ ಬೆಳ್ಳಗಾಗುವುದೂ, ಅಭಿಷೇಕದ ಜಲದೊಡನೆ ಬೆರೆತು ಮೆದುವಾಗುವುದೂ ಅಸಂಭವವಲ್ಲ. ಹೀಗೆ ಹೇಳಿದ ಮಾತ್ರಕ್ಕೆ ಭಕ್ತರ ಭಾವಕ್ಕೆ ಊನವೇನೂ ಬಾರದು. ಹಾಲು ತುಪ್ಪಗಳ ಉಪಮೆ ವಚನಕಾರರಿಗೂ ಪ್ರಿಯವಾದುದೇ. ಹಿಂದಕ್ಕೆ ಹೋಗಲಾರದ ವಸ್ತುವೊಂದು ಶಿವನ ಮುಟ್ಟಿ ಹಿಂದಕ್ಕೆ ಹೋಯಿತೆಂಬ ಕಲ್ಪನೆಯಲ್ಲಿ ಕಾವ್ಯವಿದೆ.

ದೇವಾಲಯದಿಂದ ಮೇಲಕ್ಕೆ ಪಾತಾಳಗಂಗೆ. ಬಂಡೆಯ ಸೀಳಿನ ಆಳದಲ್ಲಿ ನಿಂತ ನೀರು. ಶ್ರೀಶೈಲದಲ್ಲಿ ಕೃಷ್ಣೆಗೂ ಇದೇ ಹೆಸರಿರುವುದನ್ನು ವಾಚಕರು ಬಲ್ಲರು. ಇಲ್ಲಿಗೆ ದೂರವಲ್ಲದ ತುಮಕೂರಿನ ಸಿದ್ಧಗಂಗೆಯಲ್ಲಿಯೂ ಗೋಸಲ ಸಿದ್ಧೇಶ್ವರರು ಬಂಡೆಯಿಂದ ಜಲವನ್ನು ಹೊರಡಿಸಿದರೆಂಬ ಐತಿಹ್ಯವಿದೆ. ಶಿವಗಂಗೆ, ಸಿದ್ಧಗಂಗೆ, ಪಾತಾಳಗಂಗೆ: ನಮ್ಮ ಪರಂಪರೆಯ ಗಿರಿಗಳಿಗೆ ಗಂಗೆಯ ಹೆಸರು ಹೀಗೆ ಮತ್ತೆ ಮತ್ತೆ ಅಂಟಿಕೊಂಡಿರುವುದು ಆಕಸ್ಮಿಕವಲ್ಲ. ಬಯಲುಸೀಮೆಯಲ್ಲಿ ಮಠ ನಿಲ್ಲಬೇಕಾದರೆ ಮೊದಲು ನೀರು ನಿಲ್ಲಬೇಕು. ಶಿವಗಂಗೆಯ ಮೇಲೆ ನಮ್ಮ ಪರಂಪರೆಯ ಮಠವೊಂದು ಮೇಲಣಗವಿ ಮಠವೆಂಬ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಶೃಂಗೇರಿ ಪರಂಪರೆಯ ಶಾರದಾಪೀಠವೊಂದೂ ಈ ಕ್ಷೇತ್ರದಲ್ಲಿದೆ. ಸಿದ್ಧಾಂತದಲ್ಲಿ ಭಿನ್ನರಾದವರು ಒಂದೇ ಬೆಟ್ಟವನ್ನು ಆರಿಸಿಕೊಂಡರು. ಅದಕ್ಕೆ ಸಿದ್ಧಾಂತವಲ್ಲದ ಕಾರಣವೊಂದು ಇರಲೇಬೇಕಲ್ಲವೆ?

ಇನ್ನೂ ಮೇಲೆ ಹತ್ತಿದರೆ ಒಳಕಲ್ಲು ತೀರ್ಥ. ಒಳಕಲ್ಲು ಎಂದರೆ ಈ ಸೀಮೆಯ ಮನೆಗಳಲ್ಲಿ ರುಬ್ಬುವ ಒರಳು. ಬಂಡೆಯಲ್ಲಿ ಒರಳಿನಂಥ ಒಂದು ಕುಳಿ. ಒಳಗೆ ಕೈ ಬಿಟ್ಟರೆ ಬೆರಳಿಗೆ ನೀರು ತಗುಲುತ್ತದೆ, ಕೆಲವರಿಗೆ ತಗುಲುವುದಿಲ್ಲ. ಪುಣ್ಯವಂತರಿಗೆ ಮಾತ್ರ ತೀರ್ಥ ಸಿಕ್ಕುವುದೆಂದು ವಾಡಿಕೆ. ನಾವು ಹೋದ ದಿನ ವೃದ್ಧರೊಬ್ಬರು ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕುಳಿತು, ಅಳುಕುತ್ತಿದ್ದ ಮೊಮ್ಮಗಳ ತೋಳನ್ನು ಹಿಡಿದುಕೊಂಡು, “ಇನ್ನೂ ಒಸಿ ಒಳೀಕ್ ಬಿಡು ಮಗಾ, ಹೆದ್ರುಕೋಬೇಡ” ಎನ್ನುತ್ತಿದ್ದರು. ಹುಡುಗಿಯ ಮುಖ ಒಮ್ಮೆಲೇ ಅರಳಿತು. ಸರದಿಯಲ್ಲಿ ಆಕೆಯ ಹಿಂದೆ ನಿಂತಿದ್ದ ನಾವು, ಪುಣ್ಯಪರೀಕ್ಷೆಯಲ್ಲಿ ನಂಬಿಕೆಯಿಲ್ಲವೆಂದು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಲೇ, ಬೆರಳು ತೇವವಾದಾಗ ಹಿಗ್ಗಿದೆವೆಂಬುದನ್ನು ಒಪ್ಪಿಕೊಳ್ಳಬೇಕು.

ಅಲ್ಲಿಂದಾಚೆಗೆ ಏರು ಕಡಿದಾಗುತ್ತದೆ. ಬಂಡೆಯಲ್ಲೇ ಕಡಿದ ಮೆಟ್ಟಿಲುಗಳು, ಹಿಡಿದುಕೊಳ್ಳಲು ಕಬ್ಬಿಣದ ಕಂಬಿ. ಶಿಖರದ ಸಮೀಪದಲ್ಲಿ ಏಕಶಿಲೆಯಲ್ಲಿ ಕಡೆದ ಕೋಡುಗಲ್ಲು ಬಸವಣ್ಣ. ಆತನ ಸುತ್ತ ಬರುವ ದಾರಿ ಬಹು ಇಕ್ಕಟ್ಟು, ತಲೆ ತಿರುಗುವವರು ದೂರದಿಂದಲೇ ಕೈಮುಗಿಯುವುದು ಒಳ್ಳೆಯದು. ನೆತ್ತಿಯ ಮೇಲೆ ತೀರ್ಥಕಂಬವಿದೆ. ಮಕರಸಂಕ್ರಾಂತಿಯ ಪ್ರಾತಃಕಾಲದಲ್ಲಿ ಕಂಬದ ಬುಡದಲ್ಲಿ ನೀರು ಜಿನುಗುತ್ತದೆ, ಅದೇ ಗಂಗೋತ್ಪತ್ತಿ. ಆ ಜಲವನ್ನು ಶೇಖರಿಸಿ ಕೆಳಗೆ ತಂದು ಸ್ವಾಮಿಯ ಕಲ್ಯಾಣೋತ್ಸವಕ್ಕೆ ಬಳಸುವುದು ಸಂಪ್ರದಾಯ. ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರು ಗೆಜೆಟಿಯರನ್ನು ರಚಿಸಿದ ಬಿ. ಎಲ್. ರೈಸ್ ಅವರು, ಹೀಗೆ ದೊರೆತ ಅಲ್ಪಜಲದಲ್ಲಿ ಅರ್ಧ ದೇವರಿಗೆ, ಅರ್ಧ ಮೈಸೂರಿನ ಅರಮನೆಗೆ ಸಲ್ಲುತ್ತಿತ್ತೆಂದು ಬರೆದಿದ್ದಾರೆ. ಇಲ್ಲೊಂದು ಮಾತು. ಸೂರ್ಯನು ನಿಜವಾಗಿ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21 ಅಥವಾ 22ರಂದು. ನಕ್ಷತ್ರಗಳನ್ನು ಅನುಸರಿಸಿ ಎಣಿಸುವ ನಮ್ಮ ಪಂಚಾಂಗದ ಮಕರಸಂಕ್ರಾಂತಿಯು ಅಯನಚಲನೆಯಿಂದಾಗಿ ಜನವರಿ 14 ಅಥವಾ 15ಕ್ಕೆ ಸರಿದಿದೆ. ಕಂಬದ ಬುಡದ ಗಂಗೆ ಪಂಚಾಂಗವನ್ನೇ ನಂಬಿದ್ದಾಳೆ.

ಇಷ್ಟೆತ್ತರದ ಬೋಳುಬಂಡೆಯಲ್ಲಿ ನೀರೆಲ್ಲಿಂದ? ಈ ಬೆಟ್ಟವು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಭೂವಿಜ್ಞಾನಿಗಳು ಕರೆಯುವ ಶಿಲಾಪಟ್ಟಿಗೆ ಸೇರಿದ್ದು. ಕ್ಲೋಸ್‌ಪೇಟೆ ಎಂಬುದು ರಾಮನಗರದ ಹಳೆಯ ಹೆಸರು. ಸಾವನದುರ್ಗವೂ ಇದೇ ಪಟ್ಟಿಯದು. ಈ ಶಿಲೆಯ ವಯಸ್ಸು ಸುಮಾರು 250 ಕೋಟಿ ವರ್ಷ. ಗ್ರಾನೈಟ್ ಕಲ್ಲು ಮರಳುಗಲ್ಲಿನಂತೆ ತನ್ನ ಮೈಯೊಳಗೆ ನೀರನ್ನು ಹೀರಿಕೊಳ್ಳಲಾರದು. ಆದರೆ ಅದರಲ್ಲಿ ಬಿರುಕುಗಳುಂಟು. ಈರುಳ್ಳಿಯ ಸಿಪ್ಪೆಯಂತೆ ಪದರಪದರವಾಗಿ ಬಿಟ್ಟುಕೊಂಡ ಸಂದುಗಳುಂಟು. ಮುಂಗಾರು ಹಿಂಗಾರುಗಳ ಮಳೆ ಈ ಸಂದುಗಳಲ್ಲಿ ಇಳಿದು, ಎಲ್ಲಿ ಸಂದು ಮುಗಿಯುವುದೋ ಅಲ್ಲಿ ತಂಗಿ, ಮಳೆ ನಿಂತ ತಿಂಗಳುಗಳ ಮೇಲೆಯೂ ಸ್ವಲ್ಪಸ್ವಲ್ಪವಾಗಿ ಒಸರುತ್ತಿರುತ್ತದೆ. ಗವಿಯ ತಂಪಿಗೂ ಒಳಕಲ್ಲಿನ ತೇವಕ್ಕೂ ಇದೇ ಮೂಲ. ಬೆಟ್ಟವೆಂದರೆ ಮಳೆಗಾಲದ ನೀರನ್ನು ಬೇಸಗೆಗೆ ಕಾದಿರಿಸುವ ಕಲ್ಲಿನ ಬೊಕ್ಕಸ. ಗಂಗೆಯನ್ನು ಜಟೆಯಲ್ಲಿ ತಡೆದು ಹನಿಹನಿಯಾಗಿ ಬಿಟ್ಟವನನ್ನು ಗಂಗಾಧರನೆಂದು ಕರೆದ ಹಿರಿಯರು ಈ ಬೆಟ್ಟಕ್ಕೆ ಆ ಹೆಸರನ್ನಿಟ್ಟದ್ದು ಎಷ್ಟು ಉಚಿತ!

ಇಲ್ಲಿಗೆ ಸಾಮಾನ್ಯ ಯಾತ್ರಿಕನ ಯಾತ್ರೆ ಮುಗಿಯುತ್ತದೆ. ಶಿಖರವನ್ನು ಕಂಡು, ತೀರ್ಥವನ್ನು ಪ್ರೋಕ್ಷಿಸಿಕೊಂಡು, ಕೆಳಗಿಳಿದು ಬಸ್ಸು ಹತ್ತುತ್ತಾನೆ. ಆದರೆ ತೀರ್ಥವು ಅಲ್ಲಿಗೆ ಮುಗಿಯುವುದಿಲ್ಲ. ಅದು ಹರಿಯುತ್ತದೆ, ಅಥವಾ ಹರಿಯುತ್ತಿತ್ತು. ಶಿವಗಂಗೆಯ ಮೈಯಿಂದಿಳಿದ ಹಳ್ಳಗಳು ಕೂಡಿ ಕುಮುದ್ವತಿಯೆಂಬ ನದಿಯಾಗಿ ಆಗ್ನೇಯಕ್ಕೆ ಸಾಗಿ, ನಂದಿಬೆಟ್ಟದಿಂದ ಬರುವ ಅರ್ಕಾವತಿಯನ್ನು ತಿಪ್ಪಗೊಂಡನಹಳ್ಳಿಯಲ್ಲಿ ಸೇರುತ್ತವೆ. ಆ ಸಂಗಮದಲ್ಲಿ 1933ರಲ್ಲಿ ಅಣೆಕಟ್ಟು ಪೂರ್ಣವಾಗಿ ಚಾಮರಾಜಸಾಗರವೆಂಬ ಜಲಾಶಯ ನಿಂತಿತು. 1974ರಲ್ಲಿ ಕಾವೇರಿಯ ನೀರು ಬೆಂಗಳೂರಿಗೆ ಬರುವವರೆಗೆ ಹೆಸರಘಟ್ಟದೊಡನೆ ಇದೇ ನಗರದ ಮುಖ್ಯ ಆಧಾರ. ಆಮೇಲೆಯೂ ಬಹುಕಾಲ ಪಶ್ಚಿಮ ಭಾಗದ ಬಡಾವಣೆಗಳಿಗೆ ಇಲ್ಲಿಂದ ನೀರು ಸರಬರಾಜಾಗುತ್ತಿತ್ತು. 1949ರಲ್ಲಿ ರಾಜಾಜಿನಗರ ಹುಟ್ಟಿತು. ವಿಜಯನಗರ, ಬಸವೇಶ್ವರನಗರಗಳು ಅದರ ಬೆನ್ನಲ್ಲೇ ಬೆಳೆದವು. ಆ ಮನೆಗಳಲ್ಲಿ ಬೆಳಗಿನ ಲಿಂಗಾರ್ಚನೆಗೆ ಹಿಡಿದ ಅಗ್ಗವಣಿಯಲ್ಲಿ ಶಿವಗಂಗೆಯ ಪಾಲು ಎಷ್ಟೋ ಇತ್ತು. ಕಾಶಿಯ ಗಂಗೆಯನ್ನು ತಾಮ್ರದ ಗಿಂಡಿಯಲ್ಲಿ ಮುಚ್ಚಿಟ್ಟು ಪೂಜಿಸಿದ ನಾವು, ನಲ್ಲಿಯಲ್ಲಿ ಬಂದ ಗಂಗೆಯನ್ನು ಗುರುತಿಸಲಿಲ್ಲ.

ಆ ನೀರು ಈಗ ಬರುತ್ತಿಲ್ಲ. ಹರಿವು ವರ್ಷದಿಂದ ವರ್ಷಕ್ಕೆ ಕುಗ್ಗಿ, ಬಂದಷ್ಟು ನೀರೂ ಮಲಿನವಾಗಿ, 2012ರಲ್ಲಿ ತಿಪ್ಪಗೊಂಡನಹಳ್ಳಿಯಿಂದ ನಗರಕ್ಕೆ ನೀರೆತ್ತುವುದು ನಿಂತಿತು. ಜಲಾಶಯವನ್ನು ಮತ್ತೆ ಬಳಕೆಗೆ ತರುವ ಯೋಜನೆಗಳು ಆ ಬಳಿಕ ಆರಂಭವಾದವು. ಮಳೆ ಕಡಿಮೆಯಾದುದೇ ಇದಕ್ಕೆ ಕಾರಣವೆಂದು ಹೇಳುವುದು ಸುಲಭ. ಆದರೆ ಈ ಕಣಿವೆಗಳನ್ನು ಅಧ್ಯಯನ ಮಾಡಿದವರು ಬೆರಳು ತೋರಿಸುವುದು ನೆಲದ ಕಡೆಗೆ. ಕೊಳವೆಬಾವಿಗಳು ನೂರು ಅಡಿಗಳಿಂದ ಸಾವಿರ ಅಡಿಗಳಿಗಿಳಿದವು. ರಾಗಿಯ ಹೊಲಗಳು ನೀಲಗಿರಿಯ ತೋಪುಗಳಾದವು. ಕೆರೆಗೆ ನೀರು ತರುತ್ತಿದ್ದ ಕಾಲುವೆಗಳು ಮುಚ್ಚಿಹೋದವು. ಹಿಂದೆ ಅಂತರ್ಜಲವು ತುಂಬಿ ತುಳುಕಿ ಹಳ್ಳಕ್ಕೆ ಹರಿಯುತ್ತಿತ್ತು. ಅಂತರ್ಜಲವೇ ಆಳಕ್ಕಿಳಿದ ಮೇಲೆ ಹಳ್ಳದ ನೀರೂ ನೆಲಕ್ಕಿಳಿಯಿತು. ಹೊಸದಾಗಿ ನೀಲಗಿರಿ ನೆಡುವುದನ್ನು ಸರ್ಕಾರವು 2017ರಲ್ಲಿ ನಿಷೇಧಿಸಿತು. ಕುಮುದ್ವತಿಯ ಹಳ್ಳಿಗಳಲ್ಲಿ ಇಂಗುಬಾವಿಗಳನ್ನು ತೋಡುವ, ಕಲ್ಯಾಣಿಗಳ ಹೂಳೆತ್ತುವ ಕಾರ್ಯವನ್ನೂ ಸ್ವಯಂಸೇವಕರು ಕೈಕೊಂಡಿದ್ದಾರೆ. ಶಿಖರದಲ್ಲಿ ಒಂದು ಉದ್ಧರಣೆಯಷ್ಟು ನೀರಿಗೆ ಸಾವಿರಾರು ಜನ ಕೈಯೊಡ್ಡಿ ನಿಲ್ಲುತ್ತಾರೆ. ಬುಡದಲ್ಲಿ ನದಿಯೇ ಬತ್ತಿದಾಗ ಎಷ್ಟು ಜನ ತಿರುಗಿ ನೋಡಿದರು? ನಗರವು ಕುಡಿಯುವ ಕಾವೇರಿಯನ್ನು ಸುಮಾರು 100 ಕಿಲೋಮೀಟರು ದೂರದಿಂದ, ಸುಮಾರು 500 ಮೀಟರು ಎತ್ತರಕ್ಕೆ ಯಂತ್ರಗಳಿಂದ ಎತ್ತಿ ತರಲಾಗುತ್ತಿದೆ. ಭಗೀರಥನಿಗಾದರೂ ಗಂಗೆಯನ್ನು ಕೆಳಕ್ಕಿಳಿಸುವ ಕೆಲಸವಿತ್ತು. ನಮಗೆ ಮೇಲಕ್ಕೇರಿಸುವ ಕೆಲಸ.

ಈಗ ಮೊದಲಿನ ಪ್ರಶ್ನೆಗೆ ಬರಬಹುದು. ಅಷ್ಟಾವರಣಗಳಲ್ಲಿ ಪಾದೋದಕವೂ ಒಂದು. ಗುರುಲಿಂಗಜಂಗಮರ ಸಂಬಂಧದಿಂದ ನೀರು ತೀರ್ಥವಾಗುವುದೆಂಬುದು ಅದರ ತಿರುಳು; ಅಂದರೆ ನೀರಿನ ಪಾವಿತ್ರ್ಯವು ಸ್ಥಳದಲ್ಲಿ ಹೂತಿಟ್ಟ ನಿಧಿಯಲ್ಲ, ಸಂಬಂಧದಿಂದ ಹುಟ್ಟುವುದು. ಶರಣರು ತೀರ್ಥಯಾತ್ರೆಯನ್ನು ವಿಡಂಬಿಸಿದ್ದು ಈ ಸಂಬಂಧವನ್ನು ಮರೆತು ನೀರಿಗೆ ಬಿದ್ದೇಳುವವರನ್ನು ಕುರಿತು ಎಂದು ನಮ್ಮ ಅಭಿಪ್ರಾಯ. ನೀರಿನ ಮೇಲೆ ಅವರಿಗೆ ದ್ವೇಷವಿರಲಿಲ್ಲ. ಇದಕ್ಕೆ ಸೊನ್ನಲಿಗೆಯ ಸಿದ್ಧರಾಮನಿಗಿಂತ ಬೇರೆ ಸಾಕ್ಷಿ ಬೇಕಿಲ್ಲ. ಇಂದಿನ ಸೊಲ್ಲಾಪುರದಲ್ಲಿ ಆತನು ಕೆರೆಯನ್ನು ತೋಡಿಸಿದ, ಗುಡಿಗಳನ್ನು ಕಟ್ಟಿಸಿದ. ರಾಘವಾಂಕನ ಸಿದ್ಧರಾಮಚಾರಿತ್ರದಲ್ಲಿ ಇದರ ಕಥೆ ವಿಸ್ತಾರವಾಗಿದೆ. ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭುಗಳು ಅಲ್ಲಿಗೆ ಬಂದು, ಕೆರೆ ತೋಡುವ ಒಡ್ಡನೆಂದು ಆತನನ್ನು ಮೂದಲಿಸುತ್ತಾರೆ. ಸಾಹಿತ್ಯದ ವಿದ್ಯಾರ್ಥಿಗಳು ಈ ಪ್ರಸಂಗವನ್ನು ಓದಿ, ಪ್ರಭುಗಳು ಲೋಕೋಪಕಾರವನ್ನೇ ತುಚ್ಛವೆಂದರೆಂದು ತಿಳಿಯುವುದುಂಟು. ಅದು ಸರಿಯಲ್ಲ. ಕೆರೆಯನ್ನು ಕಟ್ಟಿದ್ದು ತಪ್ಪಲ್ಲ; ಕಟ್ಟಿದೆನೆಂಬ ಅಹಂಕಾರವೂ ಅದರಿಂದಲೇ ಮುಕ್ತಿಯೆಂಬ ಭ್ರಮೆಯೂ ತಪ್ಪು. ಪ್ರಭುಗಳು ಸಿದ್ಧರಾಮನನ್ನು ಕಲ್ಯಾಣಕ್ಕೆ ಕರೆದೊಯ್ದರು, ಕೆರೆಯ ಏರಿಯನ್ನು ಒಡೆಸಿ ಹೋಗಲಿಲ್ಲ. ಆ ಕೆರೆ ಇಂದಿಗೂ ಸಿದ್ಧೇಶ್ವರನ ಗುಡಿಯ ಸುತ್ತ ಇದೆ. ಅಲ್ಲಿಯ ಮಹಾಜಾತ್ರೆ ನಡೆಯುವುದೂ ಮಕರಸಂಕ್ರಾಂತಿಯಲ್ಲೇ. ಶಿವಗಂಗೆಯ ಶಿಖರದಲ್ಲಿ ನೀರಿಗಾಗಿ ಕೈಯೊಡ್ಡುವ ದಿನವೇ ಸೊನ್ನಲಿಗೆಯಲ್ಲಿ ನೀರನ್ನು ನಿಲ್ಲಿಸಿದವನ ಉತ್ಸವ.

ಆದುದರಿಂದ ಲಿಂಗಧಾರಿಯು ಶಿವಗಂಗೆಗೆ ಹೋಗಬಾರದೆಂದು ನಾವು ಹೇಳಲಾರೆವು. ಹೋಗದಿದ್ದರೆ ಆತನ ನಿತ್ಯಾರ್ಚನೆಗೆ ಕೊರತೆಯೂ ಇಲ್ಲ. ಹೋದರೆ ಗಂಗಾಧರನ ಗವಿಯಲ್ಲಿ ಕರಸ್ಥಲದ ಲಿಂಗವನ್ನೂ ನೆನೆಯಲಿ, ಶಿಖರದ ಹನಿಯನ್ನು ಕಂಡು ಬುಡದ ನದಿಯನ್ನೂ ನೋಡಲಿ. ಎರಡನೆಯ ಯಾತ್ರೆಗೆ ಮೆಟ್ಟಿಲುಗಳಿಲ್ಲ, ಪೂಜಾರಿಗಳಿಲ್ಲ, ಫಲಶ್ರುತಿಯೂ ಇಲ್ಲ.

ಹೊರಡುವವರಿಗೆ ಒಂದೆರಡು ಸೂಚನೆ. ನಸುಕಿನಲ್ಲೇ ಹತ್ತಲು ಆರಂಭಿಸಬೇಕು. ಸಾಧಾರಣ ಶಕ್ತಿಯುಳ್ಳವರಿಗೆ ಶಿಖರಕ್ಕೆ ಎರಡು ಗಂಟೆ ಹಿಡಿಯುತ್ತದೆ, ಹೊತ್ತೇರಿದರೆ ಬಂಡೆ ಕಾಯುತ್ತದೆ. ಮಳೆಗಾಲದಲ್ಲಿ ಮೇಲಿನ ಮೆಟ್ಟಿಲುಗಳು ಜಾರುತ್ತವೆ. ಕೋತಿಗಳ ಹಾವಳಿ ಬಹಳ, ಹಣ್ಣುಕಾಯಿಯನ್ನು ಕೈಯಲ್ಲಿ ಹಿಡಿದು ನಡೆಯಬಾರದು. ಕುಡಿದ ನೀರಿನ ಪ್ಲಾಸ್ಟಿಕ್ ಸೀಸೆಗಳನ್ನು ಬಂಡೆಯ ಸಂದುಗಳಲ್ಲಿ ತುರುಕಿ ಬರುವವರು, ಆ ಸಂದುಗಳೇ ತೀರ್ಥದ ದಾರಿಯೆಂಬುದನ್ನು ಅರಿಯಬೇಕು. ಮರಳುವಾಗ ತುಮಕೂರು ರಸ್ತೆಯನ್ನು ಬಿಟ್ಟು ಮಾಗಡಿಯ ಕಡೆಯಿಂದ ಬಂದರೆ, ನಗರವನ್ನು ಸೇರುವ ಮುನ್ನ ತಿಪ್ಪಗೊಂಡನಹಳ್ಳಿಗೆ ಹೋಗುವ ದಾರಿ ಸಿಗುತ್ತದೆ. ಬೆಳಗ್ಗೆ ಬೆರಳಿಗೆ ತಗುಲಿದ ನೀರು ಸೇರಬೇಕಾಗಿದ್ದ ಸಂಗಮವನ್ನು ಅಂದೇ ಸಂಜೆ ಕಾಣಬಹುದು.